ತಲೆಕೆಳಗಾಗಿ ಬರೆದ ಕಣ್ಣು

ಸಾಹೇಬರ ಹಣೆಯ ಮೇಲೆ, ಹುಬ್ಬಿನಿಂದ ಎರಡು ಬೆರಳು ಮೇಲೆ, ಅಡ್ಡಲಾಗಿ ಒಂದು ತಗ್ಗು ಬಿದ್ದಿತ್ತು. ರೋಗಿಯ ಕಣ್ಣಿನ ಒಳಗನ್ನು ನೋಡಲು ನಾವು ತಲೆಗೆ ಬಿಗಿದುಕೊಳ್ಳುತ್ತಿದ್ದ ದೀಪದ ಪಟ್ಟಿ ಅಲ್ಲಿ ಕೂತು ಕೂತು ಚರ್ಮವನ್ನೇ ಒತ್ತಿಬಿಟ್ಟಿತ್ತು. ಸೋಮವಾರ ವಿಭೂತಿ ಹಚ್ಚಿಕೊಂಡು ಬಂದರೆ ಬೂದಿ ಆ ತಗ್ಗಿನಲ್ಲಿ ಸಂಜೆಯವರೆಗೂ ಉಳಿದಿರುತ್ತಿತ್ತು. ಬಲಗೈ ಬೆರಳುಗಳಿಗೆ ಸದಾ ಕೆಂಪು, ನೀಲಿ ಪೆನ್ಸಿಲ್ಲಿನ ಬಣ್ಣ. ಮೊದಲ ದಿನ ನೋಡಿದಾಗ ಯಾವುದೋ ಪ್ರೈಮರಿ ಶಾಲೆಯ ಡ್ರಾಯಿಂಗ್ ಮೇಷ್ಟ್ರು ದಾರಿ ತಪ್ಪಿ ಡೆಟ್ರಾಯಿಟ್‌ನ ಆಸ್ಪತ್ರೆಗೆ ಬಂದಿದ್ದಾರೆ ಅಂದುಕೊಂಡಿದ್ದೆ.

ನಾನು ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ, ಚಿನ್ನದ ಪದಕವನ್ನು ಸೂಟ್‌ಕೇಸಿನ ತಳದಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡು ಅಲ್ಲಿಗೆ ಹೋದದ್ದು ಅರವತ್ತರ ದಶಕದ ಕೊನೆಯಲ್ಲಿ. ಕಣ್ಣಿನ ವಿಭಾಗದಲ್ಲಿ ನಾನು ತೀರ ಹೊಸಬಳು. ತರಬೇತಿಯಲ್ಲಿ ನನಗಿಂತ ಮೇಲಿದ್ದ ಸೀನಿಯರ್ ರೆಸಿಡೆಂಟ್ ಈ ಸಾಹೇಬರು, ಧಾರವಾಡದ ಕಡೆಯವರು. ಅವರಿಗಾಗಲೇ ನಲವತ್ತೈದು ದಾಟಿತ್ತು. ಊರಲ್ಲಿ ವರ್ಷಗಟ್ಟಲೆ ಕಣ್ಣಿನ ಡಾಕ್ಟರಾಗಿದ್ದು, ಶಿಬಿರಗಳಲ್ಲಿ ಲೆಕ್ಕವಿಲ್ಲದಷ್ಟು ಪೊರೆ ತೆಗೆದವರು ಇಲ್ಲಿ ಮತ್ತೆ ಮೊದಲ ಮೆಟ್ಟಿಲಿನಿಂದ ಶುರು ಮಾಡಿದ್ದರು. ವಿಭಾಗದ ಪ್ರೊಫೆಸರ್ ಅವರಿಗಿಂತ ಚಿಕ್ಕವರು. ಇದರಿಂದ ಬೇಜಾರಿಲ್ಲವೇ ಎಂದು ನಾನು ಒಮ್ಮೆ ಬಾಯಿಬಿಟ್ಟು ಕೇಳಿಯೇಬಿಟ್ಟೆ.

"ಬ್ಯಾಸರಾ? ರೆಟಿನಾ ಕಳಚಿ ಬಂದವರಿಗೆ 'ಆಗೂದಿಲ್ಲಪ್ಪಾ, ಮನೀಗೆ ಹೋಗು' ಅಂತ ಹೇಳಿ ಹೇಳಿ ಸಾಕಾಗಿತ್ತ್ರೀ ಮೈಸೂರು. ಇಲ್ಲೆ 'ಆಗ್ತದ' ಅನ್ನೂದು ಕಲಿಯಾಕ ಬಂದೀನಿ" ಅಂದರು.

ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ, ಮೈಸೂರು ಎಂದು. ನಾನು ಅವರನ್ನು ಸಾಹೇಬರು ಅನ್ನುತ್ತಿದ್ದೆ. ಮೊದಲು ತಮಾಷೆಗೆ ಅಂದದ್ದು, ಆಮೇಲೆ ಅದೇ ನಿಂತಿತು.

ರೆಟಿನಾ ಅಂದರೆ ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ತೆಳ್ಳನೆಯ ಪದರ. ಅದರಲ್ಲೊಂದು ತೂತು ಬಿದ್ದರೆ ಕಣ್ಣೊಳಗಿನ ನೀರು ಅದರ ಹಿಂದೆ ನುಗ್ಗುತ್ತದೆ, ಪದರ ಒದ್ದೆಗೋಡೆಯ ಸುಣ್ಣದ ಹಾಗೆ ಕಳಚಿಕೊಳ್ಳುತ್ತದೆ. ಆ ತೂತನ್ನು ಹುಡುಕಿ, ಹೊರಗಿನಿಂದ ಹಿಮದಷ್ಟು ತಣ್ಣಗಿನ ಕಡ್ಡಿ ಮುಟ್ಟಿಸಿ, ಅದೇ ಜಾಗಕ್ಕೆ ಸಿಲಿಕೋನ್ ತುಂಡೊಂದನ್ನು ಹೊಲಿದು ಗೋಡೆಯನ್ನೇ ಒಳಕ್ಕೆ ಒತ್ತುವುದು ನಮ್ಮ ಆಪರೇಷನ್. ಸಕ್ಕರೆ ಕಾಯಿಲೆಯವರ ಕಣ್ಣಿಗೆ ಲೇಸರ್ ಬೆಳಕು ಆಗತಾನೇ ಬಂದಿತ್ತು. ಉರಿಯೂತಕ್ಕೆ ಸ್ಟೆರಾಯ್ಡ್ ಕೊಡುತ್ತಿದ್ದೆವು. ಕಣ್ಣು ಉಳಿಯುತ್ತಿತ್ತು, ಮುಖ ಬೂದುಗುಂಬಳವಾಗುತ್ತಿತ್ತು. ರಕ್ತ ತುಂಬಿ ಮಂಜಾದ ಕಣ್ಣಿನೊಳಕ್ಕೇ ಹೋಗಿ ಕತ್ತರಿಸಿ ಹೀರುವ ಉಪಕರಣ ಬರುತ್ತಿದೆ ಎಂಬುದು ಇನ್ನೂ ಸುದ್ದಿಯಷ್ಟೇ. ಇಷ್ಟೆಲ್ಲದರ ನಡುವೆ ಎಲ್ಲಕ್ಕಿಂತ ಮುಖ್ಯ ಸಾಮಾನು ಬಣ್ಣದ ಪೆನ್ಸಿಲ್ಲು ಅಂದರೆ ಇಂದಿನ ಹುಡುಗರು ನಗುತ್ತಾರೆ.

ಆಪರೇಷನ್‌ಗೆ ಮುಂಚೆ ಪ್ರತಿ ಕಣ್ಣಿನ ನಕಾಶೆ ಬರೆಯಬೇಕಿತ್ತು. ಅಂಟಿದ ರೆಟಿನಾ ಕೆಂಪು, ಕಳಚಿದ್ದು ನೀಲಿ, ತೂತು ನೀಲಿ ಅಂಚಿನ ಕೆಂಪು. ನಾವು ಹಿಡಿಯುತ್ತಿದ್ದ ಲೆನ್ಸಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಮೇಲಿನದು ಕೆಳಗೆ, ಎಡದ್ದು ಬಲಕ್ಕೆ. ಅದಕ್ಕೊಂದು ಉಪಾಯ. ರೋಗಿಯನ್ನು ಮಲಗಿಸಿ, ಹಾಳೆಯನ್ನು ಅವರ ಎದೆಯ ಮೇಲೆ ತಲೆಕೆಳಗಾಗಿ ಇಟ್ಟುಕೊಂಡು, ಕಂಡದ್ದನ್ನು ಕಂಡ ಹಾಗೇ ಬರೆಯಬೇಕು. ಆಮೇಲೆ ಹಾಳೆ ತಿರುಗಿಸಿದರೆ ಚಿತ್ರ ತಾನಾಗಿ ಸರಿಯಾಗಿರುತ್ತದೆ. ತಲೆ ಓಡಿಸುವ ಕೆಲಸವೇ ಇಲ್ಲ, ಓಡಿಸಲೂಬಾರದು.

ಸಾಹೇಬರು ಒಂದು ಕಣ್ಣಿಗೆ ಎರಡು ಗಂಟೆ ಹಿಡಿಯುತ್ತಿದ್ದರು. ಪೆನ್ಸಿಲ್ಲುಗಳನ್ನು ಆಪರೇಷನ್ ಬ್ಲೇಡಿನಲ್ಲಿ ಹೆರೆಯುತ್ತಿದ್ದರು. ದೀಪ ಹಚ್ಚುವ ಮೊದಲು ಕುರ್ಚಿ ಎಳೆದುಕೊಂಡು ಕೂತು, ತಮ್ಮ ಮುರುಕು ಇಂಗ್ಲಿಷಿನಲ್ಲಿ, ಕತ್ತಲೆಯ ಪರದೆ ಮೊದಲು ಎಲ್ಲಿಂದ ಬಂತು, ಆಗ ಏನು ಮಾಡುತ್ತಿದ್ದಿರಿ, ಈಗ ಎಲ್ಲಿಗೆ ಬಂದಿದೆ ಎಂದು ಊರ ಪಂಚಾಯ್ತಿ ಮಾಡುತ್ತಿದ್ದರು. ರೋಗಿಗಳು ಅದಕ್ಕೇ ಅವರನ್ನು ಹಚ್ಚಿಕೊಂಡಿದ್ದರು. ನನಗೆ ಅದು ಹಳೇ ಕಾಲದವರ ಹರಟೆ ಅನ್ನಿಸುತ್ತಿತ್ತು. ದೀಪ ಇರುವಾಗ ಬಾಯಿಮಾತು ಯಾಕೆ? ಕ್ಯಾಂಟೀನಿನಲ್ಲಿ ಬ್ರೆಡ್ಡಿಗೆ ಶೇಂಗಾ ಚಟ್ನಿಪುಡಿ ಉದುರಿಸಿಕೊಳ್ಳುತ್ತಾ ಅವರು ನನಗೆ ಹೇಳುತ್ತಿದ್ದರು: "ನೀವು ಭಾಳ ಜಲ್ದಿ ಇದ್ದೀರಿ. ಕಣ್ಣಿಗೂ ಒಂದೀಟು ಪುರುಸೊತ್ತು ಕೊಡ್ರಿ." ನಾನು ಚಟ್ನಿಪುಡಿ ತೆಗೆದುಕೊಳ್ಳುತ್ತಿದ್ದೆ, ಮಾತನ್ನು ಬಿಡುತ್ತಿದ್ದೆ.

ಎರಡನೇ ವರ್ಷದಲ್ಲಿ, ಒಂದು ಶುಕ್ರವಾರ, ಕಾರಿನ ಸೀಟು ಹೊಲಿಯುವ ಕಾರ್ಖಾನೆಯಿಂದ ಒಬ್ಬ ಹೆಂಗಸು ಬಂದು ಸೇರಿದಳು. ನಲವತ್ತರ ಆಸುಪಾಸು, ಮಾತು ಕಡಿಮೆ. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಇದ್ದೊಂದು ಬಲಗಣ್ಣಿನ ರೆಟಿನಾ ಈಗ ಕಳಚಿತ್ತು. ಆದರೆ ನಡುಭಾಗ, ಅಂದರೆ ಓದಲು, ಸೂಜಿಗೆ ದಾರ ಪೋಣಿಸಲು ಬೇಕಾದ ಸಾಸಿವೆಯಷ್ಟು ಜಾಗ, ಇನ್ನೂ ಅಂಟಿಕೊಂಡಿತ್ತು. ಸೋಮವಾರದ ಆಪರೇಷನ್‌ವರೆಗೆ ಅದನ್ನು ಹಾಗೇ ಉಳಿಸಿಕೊಂಡರೆ ಅವಳ ದೃಷ್ಟಿ ಪೂರ್ತಿ ಉಳಿಯುತ್ತಿತ್ತು. "ಪರದೆ ಕೆಳಗಿನಿಂದ ಮೇಲೇಳ್ತಾ ಇದೆ, ಮೂಗಿನ ಕಡೆಯಿಂದ" ಅಂದಳು. ಕೆಳಗೆ ಕತ್ತಲೆ ಕಂಡರೆ ಕಳಚಿರುವುದು ಮೇಲೆ. ಇದು ಮೊದಲ ವಾರದ ಪಾಠ. ನಾನು ಹೂಂಗುಟ್ಟಿ ದೀಪ ಹಚ್ಚಿದೆ.

ಸಾಹೇಬರು ಆ ದಿನ ರಜೆ. ಹಾಳೆಯನ್ನು ಅಭ್ಯಾಸಬಲದಿಂದ ಅವಳ ಎದೆಯ ಮೇಲೆ ತಲೆಕೆಳಗಾಗಿಯೇ ಇಟ್ಟೆ. ಆದರೆ ಅಷ್ಟು ಹೊತ್ತಿಗೆ ನನಗೆ ನನ್ನ ಮೇಲೆ ಬಹಳ ಹೆಮ್ಮೆ ಬಂದಿತ್ತು. ಲೆನ್ಸಿನಲ್ಲಿ ಕಂಡದ್ದನ್ನು ಮನಸ್ಸಿನಲ್ಲೇ ತಿರುವಿ ನೋಡುವುದು ನನಗೆ ಬರುತ್ತಿತ್ತು, ಅದನ್ನು ಇತರರ ಎದುರು ಮಾಡಿ ತೋರಿಸುತ್ತಲೂ ಇದ್ದೆ. ಅಂದೂ ತಿರುವಿದೆ. ಹಾಳೆ ಒಮ್ಮೆ ತಿರುಗಿತ್ತು, ನಾನು ಇನ್ನೊಮ್ಮೆ ತಿರುಗಿಸಿದೆ. ಮೇಲಿದ್ದ ತೂತು ಚಿತ್ರದಲ್ಲಿ ಕೆಳಗೆ ಹೋಯಿತು. ಮುಕ್ಕಾಲು ಗಂಟೆಯಲ್ಲಿ ಮುಗಿಸಿ, ಸಹಿ ಮಾಡಿ, ನರ್ಸ್‌ಗೆ ಸೂಚನೆ ಬರೆದೆ. ತೂತು ಮೇಲಿದ್ದರೆ ರೋಗಿಯನ್ನು ಚಪ್ಪಟೆಯಾಗಿ ಮಲಗಿಸಬೇಕು, ಕೆಳಗಿದ್ದರೆ ಕೂರಿಸಬೇಕು. ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿ ಎಂದು ಬರೆದೆ. ಆ ಹೆಂಗಸು ಎರಡು ದಿನ ದಿಂಬಿಗೆ ಒರಗಿ, ಹೇಳಿದ ಮಾತು ಮೀರದೆ, ಅಲುಗಾಡದೆ ಕೂತಳು. ಅವಳು ಹಾಗೆ ಕೂತಷ್ಟೂ ಮೇಲೆ ಸೇರಿದ್ದ ನೀರು ನಡುಭಾಗದ ಕಡೆಗೆ ಇಳಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಸಾಹೇಬರು ಬಂದರು. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಮೈಸೂರು, ಇಲ್ಲೆ ಬರ್ರಿ. ನೀರು ಗುಡ್ಡಾ ಹತ್ತೂದನ್ನ ಎಲ್ಲೆರೆ ನೋಡೀರೇನು?"

ನಾನು ಹತ್ತಿರ ಹೋಗಿ ಚಿತ್ರದ ಕಡೆ ಬಗ್ಗಿದೆ.

"ತೂತು ತಳದಾಗ ಬರದೀರಿ. ನೀರು ಅದಕ್ಕಿಂತ ಮ್ಯಾಲೆ ಹತ್ತಿ ಕುಂತದ. ಹೆಂಗ ಹತ್ತಿತು?"

ನನ್ನ ಉತ್ತರಕ್ಕೆ ಕಾಯದೆ ವಾರ್ಡಿಗೆ ಓಡಿದರು. ಅವರು ಓಡಿದ್ದನ್ನು ನಾನು ಅದೊಂದು ಸಲವೇ ನೋಡಿದ್ದು. ತಾವೇ ಅವಳ ತಲೆ ಹಿಡಿದು ಮೆಲ್ಲಗೆ ಮಲಗಿಸಿ, ಕಟ್ಟು ಬಿಚ್ಚಿ, ತಮ್ಮ ಮುಖ ಕಾಣುತ್ತಿದೆಯೇ ಎಂದು ಕೇಳಿದರು.

"ಸುತ್ತಲೂ ಕಾಣ್ತಿದೆ ಡಾಕ್ಟರ್. ಮಧ್ಯದಲ್ಲಿ ಇಲ್ಲ."

ಸಾಹೇಬರು ನನ್ನನ್ನು ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಪ್ರೊಫೆಸರ್‌ಗೆ ಫೋನ್ ಮಾಡಿದರು. ಆ ಮಧ್ಯಾಹ್ನವೇ ಆಪರೇಷನ್ ಆಯಿತು. ಸಾಹೇಬರು ಹೊಸದಾಗಿ ಬರೆದ ಚಿತ್ರ ಗೋಡೆಯ ಮೇಲಿತ್ತು. ತೂತು ಬರೆದ ಜಾಗದಲ್ಲೇ ಇತ್ತು. ರೆಟಿನಾ ಮತ್ತೆ ಅಂಟಿತು. ಆದರೆ ಕಳಚಿ ಅಂಟಿದ ನಡುಭಾಗ ಮೊದಲಿನ ಹಾಗಿರುವುದಿಲ್ಲ. ಅಕ್ಷರ ಮಸುಕು, ನೆಟ್ಟಗಿರುವ ಗೆರೆ ಡೊಂಕಾಗಿ ಕಾಣುತ್ತದೆ. ಗೆರೆ ಡೊಂಕಾಗಿ ಕಂಡರೆ ಸೀಟು ಹೊಲಿಯುವವಳ ಗತಿ ಏನು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪ್ರೊಫೆಸರ್ ನನ್ನನ್ನು ಕರೆದು ಕಟುವಾಗಿ ನಾಲ್ಕು ಮಾತಾಡಿ, "ಆಪರೇಷನ್ ಯಶಸ್ವಿಯಾಗಿದೆ. ರೋಗಿಗೆ ಬೇರೇನೂ ಹೇಳುವ ಅಗತ್ಯವಿಲ್ಲ" ಅಂದರು. ನಿಜ ಹೇಳುತ್ತೇನೆ, ನನಗೆ ಜೀವ ಬಂದ ಹಾಗಾಯಿತು. ಹೊರಗೆ ಕಾರಿಡಾರಿನಲ್ಲಿ ಸಾಹೇಬರು ನಿಂತಿದ್ದರು.

"ಆಕಿಗೆ ಹೇಳ್ರಿ" ಅಂದರು.

"ಪ್ರೊಫೆಸರೇ ಬೇಡ ಅಂದ್ರಲ್ಲ ಸಾಹೇಬ್ರೇ. ಹೇಳಿದ್ರೆ ಅವಳ ಕಣ್ಣು ಸರಿಹೋಗತ್ತಾ? ಅವಳು ಲಾಯರ್ ಹತ್ರ ಹೋದ್ರೆ ನಾನು ಊರಿಗೆ ವಾಪಸ್ ಹೋಗ್ಬೇಕಾಗತ್ತೆ."

ಅವರು ಗೋಡೆಗೆ ಒರಗಿ ತಮ್ಮದೇ ಹಳೆಯದೊಂದು ಸಂಗತಿ ಹೇಳಿದರು. ಶಿಬಿರವೊಂದರಲ್ಲಿ ಒಬ್ಬ ಮುದುಕನಿಗೆ ಎರಡೂ ಕಣ್ಣಿಗೆ ಪೊರೆ. ಒಂದು ಕಣ್ಣಿನ ನರ ಸತ್ತಿತ್ತು, ಇನ್ನೊಂದಕ್ಕೆ ಮಾಡಬೇಕಿತ್ತು. ಗಡಿಬಿಡಿಯಲ್ಲಿ ಇವರು ಸತ್ತ ಕಣ್ಣಿಗೆ ಮಾಡಿದರು. ಕಟ್ಟು ಬಿಚ್ಚಿದಾಗ ಕತ್ತಲೆಯೇ. ಮುದುಕ ಇವರ ಕೈ ಹಿಡಿದು ತನ್ನ ಹಣೆಬರಹ ಎಂದ. ಇವರು ಹೌದು ಎಂದರು.

"ಮುಂದಿನ ತಿಂಗಳ ಮಗನ ಕೈಯಾಗ ಒಂದು ಚೀಲ ಜ್ವಾಳಾ ಕಳಿಸಿದ. ಡಾಕ್ಟರ್ ಭಾಳ ಕಷ್ಟಪಟ್ಟಾರ ಅಂತ. ಇನ್ನೊಂದು ಕಣ್ಣಿಗೆ ಬರ್ಲೇ ಇಲ್ಲ. ಹಣೆಬರಹ ಅಂದಮ್ಯಾಲೆ ಯಾಕ ಬರ್ತಾನ? ನಾ ಒಂದು ಮಾತು ಹೇಳಿದ್ರ ಬರ್ತಿದ್ದ, ಕಾಣ್ತಿತ್ತು. ಆ ಜ್ವಾಳದ ರೊಟ್ಟಿ ತಿಂದೀನಿ ನಾ. ಇನ್ನೂ ಅರಗಿಲ್ಲ ನೋಡ್ರಿ."

ನಾನು ವಾರ್ಡಿಗೆ ಹೋದೆ. ಅವರು ಜೊತೆಗೆ ಬರಲಿಲ್ಲ.

ನಡೆದದ್ದನ್ನು ನಾನು ಹೇಳಿ ಮುಗಿಸುವವರೆಗೆ ಆ ಹೆಂಗಸು ಅಲುಗಾಡಲಿಲ್ಲ. ಆಮೇಲೆ, "ಇದನ್ನ ಹೇಳಿ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದಳು.

"ನಿಮ್ಮನ್ನ ಭಾನುವಾರ ಮಲಗಿಸಿದರಲ್ಲ, ಆ ಡಾಕ್ಟರ್."

"ಅವರು ಹೇಳದಿದ್ರೆ ನೀವಾಗೇ ಬರ್ತಿದ್ರಾ?"

"ಇಲ್ಲ ಅನ್ಸುತ್ತೆ" ಅಂದೆ.

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿ, ದಯವಿಟ್ಟು ಹೋಗಿ ಅಂದಳು. ನಾನು ಮೆಟ್ಟಿಲ ಬಳಿ ಕೂತು ಅತ್ತೆ. ಮೂರು ವಾರದ ನಂತರ ಅವಳು ತಪಾಸಣೆಗೆ ಬಂದಾಗ ಪ್ರೊಫೆಸರ್ ದೀಪ ಎತ್ತಿಕೊಂಡರೆ, "ಆ ಸೀರೆ ಉಡೋ ಹುಡುಗಿ ನೋಡಲಿ" ಅಂದಳಂತೆ. ಯಾಕೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಅಂದು ಅವಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಮೊದಲು ಅವಳ ಮಾತು ಕೇಳಿದೆ. ಹೊಲಿಗೆ ಬಿಟ್ಟು ಅದೇ ಕಾರ್ಖಾನೆಯ ಉಗ್ರಾಣದಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸಕ್ಕೆ ಹಾಕಿದ್ದಾರೆ ಅಂದಳು. ಲಾಯರ್ ಹತ್ತಿರ ಅವಳು ಹೋಗಲಿಲ್ಲ.

ತರಬೇತಿ ಮುಗಿದ ಮೇಲೆ ನಾನು ಮದುವೆಯಾಗಿ ಚಿಕಾಗೋ ಕಡೆ ಬಂದೆ, ಲೊಂಬಾರ್ಡ್‌ನಲ್ಲಿ ಮನೆ ಮಾಡಿದೆವು. ಕಣ್ಣೊಳಗೆ ಹೋಗಿ ರಕ್ತ ಹೀರುವ ಉಪಕರಣ ಕೊನೆಗೂ ಬಂತು, ನಾನು ಅದನ್ನು ಕಲಿತೆ. ಸಾಹೇಬರು ಡೆಟ್ರಾಯಿಟ್‌ನಲ್ಲೇ ಉಳಿದರು. ಆ ಹೆಂಗಸಿನ ಕಣ್ಣನ್ನು ಅವರೇ ನೋಡಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ತಮ್ಮ ದೊಡ್ಡ ಹಳೇ ಕಾರನ್ನು ನಲವತ್ತೈದು ಮೈಲಿ ವೇಗದಲ್ಲಿ, ಹಿಂದಿನವರ ಹಾರನ್ನಿಗೆ ಕಿವಿಗೊಡದೆ ಓಡಿಸಿಕೊಂಡು ಬರುತ್ತಿದ್ದರು. ಆಗತಾನೇ ಚಿಕಾಗೋದ ಡೆವನ್ ಅವೆನ್ಯೂ ಬೀದಿಯಲ್ಲಿ ನಮ್ಮವರ ಅಂಗಡಿಗಳು ತೆರೆಯುತ್ತಿದ್ದವು. ಅಲ್ಲಿಗೆ ಕರೆದುಕೊಂಡು ಹೋದರೆ, ತೊಗರಿಬೇಳೆ ಅದ, ಅವಲಕ್ಕಿ ಅದ, ಶೇಂಗಾ ಇಷ್ಟು ತುಟ್ಟಿ ಯಾಕೆ ಎಂದು ಅಂಗಡಿಯವನ ಜೊತೆ ಜಗಳ ತೆಗೆಯುತ್ತಿದ್ದರು. ನನ್ನ ರೋಗಿಗಳ ಚಿತ್ರಗಳನ್ನು ಅಡುಗೆಮನೆ ಟೇಬಲ್ ಮೇಲೆ ಹರಡಿಕೊಂಡು ಒಂದೊಂದನ್ನೂ ನೋಡುತ್ತಿದ್ದರು. ತಪ್ಪು ಸಿಗದಿದ್ದರೆ ಸ್ವಲ್ಪ ನಿರಾಸೆಯಾದವರಂತೆ ಕಾಣುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುವ ಮೊದಲೇ ಅವರು ಹೋದರು. ಕ್ಲಿನಿಕ್‌ನಲ್ಲಿ, ಇಬ್ಬರು ರೋಗಿಗಳ ನಡುವೆ, ಕುರ್ಚಿಯಲ್ಲೇ ಹೃದಯ ನಿಂತಿತು. ನಾನು ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಅಲ್ಲಿ ದೇಹವನ್ನು ಕೊನೆಯ ದರ್ಶನಕ್ಕಿಡುವ ಫ್ಯೂನರಲ್ ಹೋಮ್‌ನಲ್ಲಿ ಅವರಿಗೆ ಸೂಟು ತೊಡಿಸಿ ಮಲಗಿಸಿದ್ದರು. ಅವರ ಹೆಂಡತಿಯ ಕೈ ಹಿಡಿದು ಕೂತಿದ್ದಾಗ ಬಾಗಿಲಲ್ಲಿ ಆ ಹೆಂಗಸು ಕಂಡಳು. ಕೂದಲು ನರೆತಿತ್ತು. ಎದ್ದು ಹೋಗಿ ಅವಳನ್ನು ಸಾಹೇಬರ ಬಳಿಗೆ ಕರೆತಂದೆ. ಅವಳು ಅವರ ಮುಖವನ್ನು ನೇರವಾಗಿ ನೋಡಲಿಲ್ಲ. ತಲೆಯನ್ನು ತುಸು ಓರೆ ಮಾಡಿ, ಪಕ್ಕದಿಂದ ನೋಡಿದಳು. ನಡುಭಾಗ ಕೆಟ್ಟವರು ಹಾಗೇ ನೋಡಬೇಕಾಗುತ್ತದೆ. ಆ ಓರೆ ತಲೆ ನಾನು ಮಾಡಿದ್ದು.

"ನಗ್ತಾ ಇದಾರೆ, ಅಲ್ವಾ?" ಅವಳು ಪಿಸುಗುಟ್ಟಿದಳು.

ಸಾಹೇಬರ ತುಟಿಗಳು ನೆಟ್ಟಗೆ ಮುಚ್ಚಿದ್ದವು, ನಗುವಿನ ಸುಳಿವೂ ಇರಲಿಲ್ಲ. ಹೌದು ಅಂದುಬಿಡಬಹುದಿತ್ತು. ಅವರ ಹೆಂಡತಿ ಹಿಂದೆಯೇ ಕೂತಿದ್ದರು, ಹೌದು ಅನ್ನುವುದೇ ದಾಕ್ಷಿಣ್ಯ.

"ಇಲ್ಲ. ನಗ್ತಾ ಇಲ್ಲ. ತುಟಿ ನೇರವಾಗಿದೆ. ನಿಮ್ಮ ಕಣ್ಣಿಗೆ ಡೊಂಕಾಗಿ ಕಾಣ್ತಿದೆ, ಅಷ್ಟೆ" ಅಂದೆ.

ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೇ ಓರೆಯಾಗಿ ನೋಡಿದಳು. ಆಮೇಲೆ ನನ್ನ ಮುಂಗೈ ಹಿಡಿದುಕೊಂಡಳು.

"ಹಾಗಿದ್ರೆ ನನಗೊಬ್ಬಳಿಗೇ ನಗ್ತಿದಾರೆ" ಅಂದಳು.