ತಾಲೀಮಿಗೆ ಹೊಂಟೀನಿ

ತಂಬ್ರಹಳ್ಳಿಯ ಗಾಳೆಪ್ಪನಿಗೆ ಗರಡಿಮನೆಯ ಗುಂಡುಕಲ್ಲು ಎದೆಯವರೆಗೆ ಬರುತ್ತಿತ್ತು, ಹೆಗಲಿಗೆ ಏರುತ್ತಿರಲಿಲ್ಲ. ಒಂದಲ್ಲ ಎರಡಲ್ಲ, ಮೂರು ವರ್ಷದಿಂದ ಅದೇ ಹಾಡು. ನೆಲದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಎದೆಗೆ ತರುವತನಕ ಹುಲಿ. ಅಲ್ಲಿಂದ ಮೇಲೆ ಇಲಿ. ಎಪ್ಪತ್ತೇಳನೇ ಇಸವಿಯ ನಾಗರಪಂಚಮಿಯಂದು ಊರೆಲ್ಲ ನೆರೆದು ನೋಡುತ್ತಿದ್ದಾಗ ಕಲ್ಲು ಎದೆಯಿಂದ ಜಾರಿ ಧೊಪ್ಪನೆ ಬಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು ಅಂದುಕೊಂಡು ಗಾಳೆಪ್ಪ ಮನೆಗೆ ಹೋಗಿ ಮುಸುಕೆಳೆದು ಮಲಗಿದ.

ಮೂವತ್ತರ ಆಳು. ಹೊಲವನ್ನು ತಮ್ಮಂದಿರು ನೋಡಿಕೊಳ್ಳುತ್ತಿದ್ದರು, ಎಮ್ಮೆಯ ಹಾಲು ಇವನಿಗೇ ಮೀಸಲು. ಇವನದು ತಾಲೀಮು ಒಂದೇ. ಮೈಯ ಕಸುವೆಂದರೆ ನೆಲದಡಿಯ ಹಗೇವಿನಲ್ಲಿ ತುಂಬಿಟ್ಟ ಜೋಳ, ತೆಗೆದಷ್ಟೂ ಕಡಿಮೆಯಾಗುತ್ತದೆ ಎಂದು ನಂಬಿದ್ದ. ಹಾಗಾಗಿ ಒಂದು ಕೊಡ ಎತ್ತಿದವನಲ್ಲ, ಒಂದು ಚೀಲ ಹೊತ್ತವನಲ್ಲ. ನಮ್ಮ ಕಡೆ ದಾರಿಯಲ್ಲಿ ಹೆಂಗಸೊಬ್ಬಳು ಹೊರೆ ಮುಂದಿಟ್ಟುಕೊಂಡು "ಅಣ್ಣಾ, ಸ್ವಲ್ಪ ಹೊರಿಸು" ಎಂದರೆ ಹೋಗುವವನು ಯಾರೇ ಆಗಲಿ ನಿಂತು, ಹೊರೆಗೆ ಕೈಕೊಟ್ಟು, ಅವಳ ತಲೆಗೇರಿಸಿ ಹೋಗಬೇಕು. ಸಾಹುಕಾರನೂ ಹೊರಿಸುತ್ತಾನೆ, ಶಾಲೆಯ ಮಾಸ್ತರರೂ ಹೊರಿಸುತ್ತಾರೆ. ಗಾಳೆಪ್ಪ ಮಾತ್ರ "ತಾಲೀಮಿಗೆ ಹೊಂಟೀನಿ" ಎಂದು ನಡೆದುಬಿಡುತ್ತಿದ್ದ. ಉಪವಾಸ ಹಿಡಿದವರು ಊಟ ಬೇಡವೆನ್ನುತ್ತಾರಲ್ಲ, ಅಷ್ಟೇ ಭಕ್ತಿಯಿಂದ.

ಮರುವರ್ಷ ಆಷಾಢ ಬಂತು. ಗರಡಿಯ ಉಸ್ತಾದರು ಸೈಕಲ್ ಅಂಗಡಿಯ ಶೇಖಾವಲಿ ಸಾಬರು. ಶಿಷ್ಯ ಮುಂಜಾನೆ ಸಂಜೆ ಕಲ್ಲಿನೊಂದಿಗೆ ಗುದ್ದಾಡುವುದನ್ನು ನೋಡಿ ನೋಡಿ ಸಾಕಾಗಿ, ಒಂದು ದಿನ ಆ ಕಲ್ಲಿನ ಮೇಲೆ ತಾವೇ ಕೂತುಬಿಟ್ಟರು.

"ಪಂಚಮಿ ತನಕ ಈ ಕಡಿ ಬರಬ್ಯಾಡ."

"ಉಸ್ತಾದ್ರ, ಇನ್ನ ಒಂದ ತಿಂಗಳ ಐತಿ. ಈಗ ಬಿಟ್ರ ಹೆಂಗ್ರಿ?"

"ಹೊಲಾನ ಒಂದೊಂದು ವರ್ಷ ಬೀಳು ಬಿಡ್ತಾರಿಲ್ಲೇನಲೇ? ಸುಮ್ನ ಬಿಟ್ಟಾಗ ಮಣ್ಣು ಕಸುವು ಕಟ್ತತಿ. ನೀ ನಿನ್ನ ಮೈ ಉತ್ತು ಉತ್ತು ಸಾಯಿಸೀದಿ. ಉಣ್ಣು, ಮಕ್ಕೊ, ತಿರುಗಾಡು."

ಉಣ್ಣುವುದು, ಮಲಗುವುದು ಸರಿ. ಊರ ಮುಂದೆ ತಿರುಗಾಡುವುದು ಹೇಗೆ? ಗರಡಿಯಿಂದ ಓಡಿಸಿದರಂತೆ ಎಂದು ಜನ ಆಡಿಕೊಂಡರೆ? ಆ ಹೆದರಿಕೆಗೆ ಅವನು ತಾಲೀಮಿನ ಹೊತ್ತಿಗೆ ಲಂಗೋಟಿ ಕಂಕುಳಲ್ಲಿಟ್ಟುಕೊಂಡು ಮನೆ ಬಿಡುತ್ತಿದ್ದ, ಊರ ಹೊರಗಿನ ಹುಣಸೆಮರದ ಹಿಂದೆ ಕೂತು ಹೊತ್ತು ಕಳೆಯುತ್ತಿದ್ದ. ಆರಡಿಯ ಪೈಲ್ವಾನ, ಕಳ್ಳಬೆಕ್ಕಿನಂತೆ.

ಹಾಗೆ ಕೂತಿದ್ದಾಗ ಒಂದು ಬೆಳಗ್ಗೆ, ಕಳೆ ತೆಗೆಯುವ ಹೆಂಗಸರು ಮರದ ಆಚೆ ಬದಿಗೆ ಬಂದು ಬುತ್ತಿ ಬಿಚ್ಚಿದರು. ಇವನಿರುವುದು ಅವರಿಗೆ ಗೊತ್ತಿಲ್ಲ.

"ನಿನ್ನ ಗಂಡ ಎಡಿಕುಂಟಿ ಹೊಡಿಯಾಕ ಬರ್ಲಿಲ್ಲೇನಬೇ?"

"ಅವ ಎಲ್ಲಿ ಬರ್ತಾನ? ತಾಲೀಮಿಗೆ ಹೊಂಟಾನ."

ಎಲ್ಲರೂ ಗೊಳ್ಳೆಂದು ನಕ್ಕರು. ಗಾಳೆಪ್ಪನಿಗೆ ಮೊದಲು ಖುಷಿಯೇ ಆಯಿತು, ಗರಡಿಗೆ ಹೊಸ ಆಳು ಸೇರಿತೆಂದು. ಆಮೇಲೆ ದನಿಯ ಗುರುತು ಹತ್ತಿತು. ಅದು ಅಜ್ಜಯ್ಯನ ಹೆಂಡತಿ. ಅಜ್ಜಯ್ಯನೋ, ಹೊಟ್ಟೆ ಹೊತ್ತು ಕಟ್ಟೆ ಬಿಟ್ಟೇಳದ ಮನುಷ್ಯ.

"ನಮ್ಮ ಎತ್ತೂ ಹಂಗ, ನೊಗ ಕಂಡ್ರ ಸಾಕು ತಾಲೀಮಿಗೆ ಹೊಂಡತತಿ," ಎಂದಳು ಇನ್ನೊಬ್ಬಳು. ಮತ್ತೆ ನಗು.

ಮೈಗಳ್ಳತನಕ್ಕೆ ಊರ ಹೆಂಗಸರು ಇಟ್ಟ ಹೆಸರು ಅವನದೇ ಮಾತು. ಎಷ್ಟು ಒಲೆಗಳ ಮುಂದೆ ಅದು ಆಡಿಹೋಗಿತ್ತೋ! ಹೆಂಗಸರೆಲ್ಲ ಎದ್ದು ಹೋದ ಮೇಲೆ, ಹಿಂದುಳಿದಿದ್ದ ಮುದುಕಿ ಹಂಪಕ್ಕ ಇವನನ್ನು ಕಂಡಳು. ಕೇಳಬಾರದು ಅಂದುಕೊಂಡೇ ಕೇಳಿದ.

"ಇದು ಯಾವಾಗಿಂದ, ಹಂಪಕ್ಕ?"

"ನನ್ನ ಸೊಸಿ ದುರುಗಮ್ಮ ಕೈ ಮುರಕೊಂಡಾಗಿಂದ ನೋಡಪ್ಪ. ಕಟ್ಟಿಗಿ ಹೊರಿ ಹೊರಿಸು ಅಂದ್ಲಂತ, ನೀ ತಾಲೀಮಿಗೆ ಹೊಂಟೀನಿ ಅಂದಿಯಂತ. ಹೊತ್ತು ಮುಳುಗಿತ್ತು, ಬ್ಯಾರೆ ಯಾರೂ ಬರ್ಲಿಲ್ಲ. ಒಬ್ಬಾಕಿನ ಎತ್ತಾಕ ಹೋಗಿ ಬಿದ್ಲು. ಎಲುಬು ಸೊಟ್ಟ ಕೂಡ್ತು. ನಿನಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಎಷ್ಟು ನೆನೆದರೂ ಆ ಸಂಜೆ ನೆನಪಾಗಲೂ ಇಲ್ಲ. ಹಾಗೆಂದು ದಾಟಿ ಹೋದ ಸಂಜೆಗಳು ಅಷ್ಟಿದ್ದವು. ನೆನಪಿಲ್ಲ ಎನ್ನುವುದೇ ಅವನಿಗೆ ಹೆಚ್ಚು ನಾಚಿಕೆ ತಂದಿತು. ಪಂಚಮಿಯಂದು ಕಲ್ಲು ಬಿದ್ದಾಗ ಆದದ್ದು ಇದರ ಮುಂದೆ ಏನೂ ಅಲ್ಲ.

ಉಸ್ತಾದರ ಮಾತು ಸುಳ್ಳಾಗಲಿಲ್ಲ. ತಿಂಗಳು ದಣಿವಾರಿಸಿಕೊಂಡ ಮೈ ಆ ಪಂಚಮಿಗೆ ಕಲ್ಲನ್ನು ಎದೆಗೆ ತಂದಿತು, ಒಂದು ಉಸಿರು ತಡೆಯಿತು, ಹೆಗಲಿಗೇರಿಸಿತು. ಊರು ಸಿಳ್ಳೆ ಹಾಕಿತು. ಹಲಗೆ ಬಡಿದರು, ಹಾರ ಹಾಕಿದರು, ಗೌಡರು ರುಮಾಲು ಸುತ್ತಿದರು. ಗಾಳೆಪ್ಪ ಹೆಂಗಸರು ನಿಂತಿದ್ದ ಕಡೆ ನೋಡಲಾರದೆ ತಲೆ ತಗ್ಗಿಸಿಕೊಂಡಿದ್ದ. ಎಂಥ ವಿನಯ ನೋಡ್ರಿ ಎಂದು ಗಂಡಸರು ಹೊಗಳಿದರು.

ಮರುದಿನ ಬೆಳಗ್ಗೆ ಅವನು ಹೊಲದ ದಾರಿಗೆ ಹೋಗಿ ನಿಂತ. ದುರುಗಮ್ಮ ಹಸಿಹುಲ್ಲಿನ ಹೊರೆ ಕಟ್ಟಿ ದಾರಿಯ ಬದಿಗೆ ಎಳೆದು ತಂದಳು. ಸುತ್ತ ಬೇರೆ ಯಾರೂ ಇರಲಿಲ್ಲ. ಗಾಳೆಪ್ಪ ಹತ್ತಿರ ಹೋದ.

"ಬಾ ತಂಗಿ, ಹೊರಿಸ್ತೀನಿ."

ಅವಳು ಸೊಟ್ಟಗಾದ ಕೈಯನ್ನು ಸೆರಗಿನೊಳಗೆ ಸರಿಸಿಕೊಂಡಳು.

"ಬ್ಯಾಡಣ್ಣ, ಯಾರಾರ ಬರ್ತಾರ."

ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಅವನನ್ನು ದಾಟಿ ದಾರಿಯ ಆಚೆ ನೋಡುತ್ತ ನಿಂತಳು. ಅವನಿಗೆ ಹೋಗಲೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಶೇಖಾವಲಿ ಉಸ್ತಾದರು ಸೈಕಲ್ ತಳ್ಳಿಕೊಂಡು ಬಂದರು.

"ಸಾಬ್ರ, ಸ್ವಲ್ಪ ಹೊರಿಸ್ರಿ."

ಉಸ್ತಾದರು ಅವಳನ್ನು ನೋಡಿದರು, ಇವನನ್ನು ನೋಡಿದರು. ಸೈಕಲ್ಲನ್ನು ಗಾಳೆಪ್ಪನ ಕೈಗೆ ಕೊಟ್ಟು, ಸೊಂಟ ಹಿಡಿದುಕೊಂಡು ಬಗ್ಗಿ, ಏದುಸಿರು ಬಿಡುತ್ತ ಹೊರೆಯನ್ನು ಅವಳ ತಲೆಗೇರಿಸಿದರು. ನಿನ್ನೆ ಊರೆಲ್ಲ ಹೊಗಳಿದ ಪೈಲ್ವಾನ ಅಷ್ಟು ಹೊತ್ತೂ ಸೈಕಲ್ ಹಿಡಿದುಕೊಂಡು ನಿಂತಿದ್ದ.