ಏಲಕ್ಕಿ ಮನೆ ಸೇರಿದ ಬ್ಯಾಟರಿ ಮಡಕೆ

ಚಿನ್ನಮನೂರಲ್ಲಿ ನನ್ನ ವಿಮಾನ ನೋಡದೇ ಇರೋರು ಯಾರೂ ಇಲ್ಲ. ಥರ್ಮಾಕೋಲಿನ ಮೈ, ಮೂಗಿನ ಮೇಲೆ ಫ್ಯಾನು, ಹೊಟ್ಟೇಲಿ ಬ್ಯಾಟರಿ. ಭತ್ತದ ಕುಯ್ಲು ಮುಗಿದ ಮೇಲೆ ಬಯಲೆಲ್ಲಾ ನಂದೇ. ಎಪ್ಪತ್ತು ದಾಟಿದ ಈ ಕೈ ರಿಮೋಟ್ ಹಿಡೀತು ಅಂದ್ರೆ ಹದ್ದು ಕೂಡ ಪಕ್ಕಕ್ಕೆ ಸರಿದು ದಾರಿ ಬಿಡುತ್ತೆ. ಒಂದು ಸಂಜೆ ಅದಕ್ಕೆ ಹಳೇ ಬಿಳಿ ಪಂಚೆ ತುಂಡು ಕಟ್ಟಿ, ನಮ್ಮ ಮನೆಗೆ ಅಂತ ಕಾಲುವೆ ಏರಿ ಮೇಲೆ ಬರ್ತಿದ್ದ ತಂಗಿ ಗಂಡನ ತಲೆ ಮೇಲೆ ಹಾರಿಸ್ದೆ. ಚಪ್ಪಲಿ ಬಿಟ್ಟು ಓಡ್ದ. ನಾನೇ ತಗೊಂಡೋಗಿ ಕೊಟ್ಟೆ, "ದೆವ್ವ ಕಳಿಸ್ತು ಮಾಪಿಳ್ಳೆ" ಅಂತ.

ಮನೇಲಿ ನಮ್ಮದು ಕನ್ನಡ, ಊರಲ್ಲಿ ತಮಿಳು. ಅದಕ್ಕೇ ತಂಗಿ ಗಂಡ ನಂಗೆ ಮಾಪಿಳ್ಳೆ, ನಾನು ಅವನಿಗೆ ಮಚ್ಚಾನ್. ಕೀಟಲೆ ಮಾತ್ರ ಯಾವಾಗಲೂ ತಮಿಳಲ್ಲೇ ಮಾಡ್ತೀನಿ. ಸುತ್ತ ನಿಂತೋರೆಲ್ಲಾ ನಗಬೇಕಲ್ಲ!

ಐಪ್ಪಸಿ ತಿಂಗಳ ಮಳೆ ಹಿಡೀತು ಅಂದ್ರೆ ಪೊಂಗಲ್ ವರೆಗೂ ವಿಮಾನ ಅಟ್ಟದ ಮೇಲೆ. ವಿಮಾನ ಸುಮ್ನೆ ಮಲಗುತ್ತೆ, ಬ್ಯಾಟರಿ ಮಲಗಲ್ಲ. ಸೋಪಿನ ಬಿಲ್ಲೆಯಷ್ಟೇ ಇರ್ತದೆ, ಕೊಬ್ಬು ಜಾಸ್ತಿ. ಪೂರ್ತಿ ಚಾರ್ಜ್ ಮಾಡಿ ಇಟ್ಟರೆ ಪೂರಿ ಥರ ಉಬ್ಬುತ್ತೆ. ಪೂರ್ತಿ ಖಾಲಿ ಬಿಟ್ಟರೆ ಸತ್ತೇ ಹೋಗುತ್ತೆ. ಅರ್ಧ ಹೊಟ್ಟೆ ಉಣಿಸಿ, ತಂಪಾದ ಕಡೆ ಇಡಬೇಕು. ಹೋದ ವರ್ಷ ನಮ್ಮ ತಗಡು ಶೀಟಿನ ರೂಮಲ್ಲಿ ಬಿಸಿಗೆ ಒಂದು ಉಬ್ಬಿ, ಹೊಗೆ ಉಗುಳಿ, ಭುಸ್ ಅಂತ ಹೊತ್ಕೊಳ್ತು. ಮರಳು ಸುರಿದು ಆರಿಸಿದ್ದು. ಅವತ್ತೇ ನನ್ನ ಹೆಂಡ್ರು, "ಇದು ಮನೇಲಿರ್ಬೇಕು, ಇಲ್ಲ ನಾನಿರ್ಬೇಕು" ಅಂದ್ಲು. ಸ್ವಲ್ಪ ಯೋಚನೆ ಮಾಡ್ದೆ. ಕೊನೆಗೆ ಬ್ಯಾಟರೀನೇ ಹೊರಗೆ ಕಳಿಸೋಣ ಅಂತಾಯ್ತು.

ಬೆಟ್ಟದ ಮೇಲೆ ಬೋಡಿಮೆಟ್ಟಿನಲ್ಲಿ ನನ್ನ ತಂಗಿ ಮನೆ. ಏಲಕ್ಕಿ ತೋಟ, ಹಗಲೆಲ್ಲಾ ಮಂಜು. ಅದಕ್ಕಿಂತ ತಂಪು ಎಲ್ಲಿ ಸಿಗುತ್ತೆ? ಒಂದು ಮಣ್ಣಿನ ಮಡಕೆಗೆ ಒಣ ಮರಳು ತುಂಬಿ, ಬ್ಯಾಟರಿಗಳನ್ನ ಒಳಗೆ ಹೂತು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಬೆಟ್ಟದ ಬುಡದ ಬೋಡಿ ಬಸ್ ಸ್ಟ್ಯಾಂಡಲ್ಲಿ ಬಸ್ ಹತ್ತಿದೆ. ಬಸ್ಸು ಭರ್ತಿ. ಕಂಡಕ್ಟರ್ ಬಂದು, "ಏನಯ್ಯಾ ಅದು?" ಅಂದ. ಮುಖ ಸಣ್ಣ ಮಾಡ್ಕೊಂಡು, "ನಮ್ಮ ದೊಡ್ಡಪ್ಪ" ಅಂದೆ. ಅಸ್ಥಿ ಅಂದ್ಕೊಂಡು ಮೂರು ಜನ ಎದ್ದು ನಿಂತ್ಕೊಂಡ್ರು. ಇಡೀ ಸೀಟಲ್ಲಿ ನಾನೂ ದೊಡ್ಡಪ್ಪನೂ ಆರಾಮಾಗಿ ಕೂತ್ಕೊಂಡು ಘಾಟಿ ಹತ್ತಿದ್ವಿ.

ತಂಗಿ ಮಂಚದ ಕೆಳಗೆ ಮಡಕೆ ಇಟ್ಟು, "ತಂಪಾಗಿರ್ಲಿ, ಮುಟ್ಟಬ್ಯಾಡ್ರಿ" ಅಂತ ಹೇಳಿ ಬಂದೆ. ಹೊತ್ಕೊಳ್ಳೋ ವಿಷಯ ಮಾತ್ರ ಬಾಯಿ ಬಿಡ್ಲಿಲ್ಲ. ಆಮೇಲೆ ನೆಮ್ಮದಿಯಾಗಿ ನಿದ್ದೆ ಮಾಡ್ದೆ.

ಕಾರ್ತಿಕದಲ್ಲಿ ಒಂದು ಬೆಳಗ್ಗೆ ಸುಮ್ನೆ ಮಾತಾಡೋಕೆ ಅಂತ ಫೋನ್ ಮಾಡ್ದೆ. ತಂಗಿ ಗಂಡ ಎತ್ತಿದ. ಭಾರಿ ಗತ್ತಲ್ಲಿ, "ಮಚ್ಚಾನ್, ನಿಮ್ಮ ಮಡಕೆ ಬಟ್ಟೆಗೆ ಬೂಷ್ಟು ಹಿಡಿದಿತ್ತು. ಇಲ್ಲಿ ತೇವಕ್ಕೆ ಏನೂ ಉಳಿಯಲ್ಲ. ನಿನ್ನೆ ತೆಗೆದು ಏಲಕ್ಕಿ ಒಣಗಿಸೋ ಮನೇಲಿ ಇಟ್ಟೆ. ಇವತ್ತು ಸಂಜೆ ಭಟ್ಟಿ ಹಚ್ಚಿದ್ರೆ ಬೆಚ್ಚಗಿರ್ತದೆ" ಅಂದ.

ಅವನ ತಪ್ಪಲ್ಲ. ಆ ಬೆಟ್ಟದಲ್ಲಿ ಬಾಳೋರಿಗೆ ತೇವಾನೇ ಶತ್ರು. ಮಗಳ ಮದುವೆ ಸೀರೆಯಿಂದ ಹಿಡಿದು ತೋಟದ ಪತ್ರದವರೆಗೂ ಅವರು ಕಾಪಾಡೋದು ಆ ಮನೇಲೇ. ಆದರೆ ಆ ಮನೆ ನಂಗೂ ಗೊತ್ತು. ಹೊರಗೆ ಭಟ್ಟಿಗೆ ಸೌದೆ ಹಾಕ್ತಾರೆ, ದಪ್ಪ ತಗಡಿನ ಕೊಳವೇಲಿ ಬಿಸಿ ಒಳಗೆಲ್ಲಾ ಓಡಾಡುತ್ತೆ. ನಮ್ಮ ತಗಡು ರೂಮು ಅದರ ಮುಂದೆ ಊಟಿ. ಒಳಗೆ ಅವತ್ತಿನ ಕಾಯಿ, ಮೇಲಿನ ಅಟ್ಟದಲ್ಲಿ ಒಣಗಿಸಿ ಕಟ್ಟಿಟ್ಟ ಮೂಟೆಗಳು. ಅವರ ವರ್ಷದ ಬದುಕೆಲ್ಲಾ ಒಂದೇ ಸೂರಿನ ಕೆಳಗೆ. ಅದರ ಮಧ್ಯೆ ನನ್ನ ಮಡಕೆ.

"ಮಾಪಿಳ್ಳೆ, ತೆಗೀರಿ ಅದನ್ನ, ಹೊತ್ಕೊಳ್ತದೆ!" ತಮಿಳಲ್ಲಿ ಕೂಗ್ದೆ.

"ವಿಳೈಯಾಡಾದೀಂಗ ಮಚ್ಚಾನ್," ಅಂದ. ಆಟ ಆಡ್ಬೇಡಿ ಅಂತ. "ಹೋದ ಸಲ ಆನೆ ಬರ್ತೈತೆ ಅಂದ್ರಿ. ಬೆಳಗಾಗೋವರೆಗೂ ತಗಡು ಬಡಿದೆ ನಾನು." ನಕ್ಕೊಂಡು ಇಟ್ಟುಬಿಟ್ಟ. ಆಮೇಲೆ ಎಷ್ಟು ಸಲ ಮಾಡಿದ್ರೂ ಸಿಗ್ನಲ್ ಇಲ್ಲ.

ಹಾಕಿದ ಬಟ್ಟೇಲೇ ಹೊರಟೆ. ಬೋಡಿಯಿಂದ ಮೇಲಕ್ಕೆ ಹೋಗೋ ಬಸ್ಸಿಗಾಗಿ ಕಾದು ಕಾದು ಮಧ್ಯಾಹ್ನ ಕಳೀತು. ಕೊನೆಗೆ ಬಂತು. ಅದೇ ಕಂಡಕ್ಟರ್. "ದೊಡ್ಡಪ್ಪನ ಕಾರ್ಯ ಎಲ್ಲಾ ಚೆನ್ನಾಗಿ ಆಯ್ತಾ ಅಯ್ಯಾ?"

"ಸ್ವಲ್ಪ ಬೇಗ ಹೋಗೋಕೆ ಹೇಳಪ್ಪಾ. ಆ ಮಡಕೆ ಹೊತ್ತಿ ಉರಿಯೋದ್ರಲ್ಲಿ ಐತೆ."

ಅವನು, "ಮೊದಲೇ ಸುಟ್ಟಿಲ್ವಾ ಅವರನ್ನ?" ಅಂತ ಕೇಳಿ, ಡ್ರೈವರ್ ಪಕ್ಕ ಹೋಗಿ ಕೂತ್ಕೊಂಡ. ಇಳಿಯೋವರೆಗೂ ಈ ಕಡೆ ತಿರುಗಲಿಲ್ಲ.

ಇಳಿದಾಗ ಮಂಜಿನ ಮಧ್ಯೆ ಹೊಗೆ ಕಾಣಿಸ್ತು. ಭಟ್ಟಿ ಹಚ್ಚಿಬಿಟ್ಟಿದ್ದಾನೆ. ಈ ಮೊಣಕಾಲು ಓಡಿ ಎಷ್ಟು ಕಾಲ ಆಗಿತ್ತೋ, ಅವತ್ತು ಓಡ್ತು. ತಂಗಿ ಗಂಡ ಒಣಗಿಸೋ ಮನೆ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು ನಿಂತಿದ್ದ.

"ತೆಗೀ!"

"ಬೆಂಕಿ ಇಟ್ಟ ಮೇಲೆ ತೆಗೆಯಲ್ಲ ಮಚ್ಚಾನ್. ಮಂಜು ಒಳಗೆ ನುಗ್ಗಿದ್ರೆ ಕಾಯಿ ಹಸಿರು ಹೋಗ್ತದೆ. ಹಸಿರು ಹೋದ ಏಲಕ್ಕಿ ಯಾರು ಕೊಳ್ತಾರೆ? ನಿಮ್ಮ ತಮಾಷೆಗೆ ನನ್ನ ಕಾಯೇ ಬೇಕಾ?"

ಏನು ಹೇಳಿದೆನೋ ನೆನಪಿಲ್ಲ. ಆಮೇಲೆ ತಂಗಿ ಹೇಳಿದ್ದು. ನಾನು ಬಾಗಿಲಿಗೆ ಕೈ ಬಡ್ಕೊಂಡು, "ಅಯ್ಯೋ ತೆಗೀರೋ, ಉರಿದೋಯ್ತದೆ ಕಣ್ರೋ, ಎಲ್ಲಾ ಉರಿದೋಯ್ತದೆ!" ಅಂತ ಒಂದೇ ಸಮ ಕೂಗ್ತಿದ್ದೆನಂತೆ.

ಅಡುಗೆ ಮನೆಯಿಂದ ತಂಗಿ ಬಂದ್ಲು. ಕೈಯೆಲ್ಲಾ ಹಿಟ್ಟು. ಗಂಡನ ಸೊಂಟದಿಂದ ಬೀಗದ ಕೈ ಕಿತ್ಕೊಂಡ್ಲು, ಬಾಗಿಲು ತೆಗೆದ್ಲು.

"ಏಯ್, ನಿಂಗೂ ಹುಚ್ಚಾ?" ಅಂದ ಅವನು.

"ಕೇಳಿಸ್ತಿಲ್ವಾ? ಅಣ್ಣ ಆಟ ಆಡೋದು ತಮಿಳಲ್ಲಿ. ನನ್ನ ಜಡೇನ ಹಸು ಬಾಲಕ್ಕೆ ಕಟ್ಟಿದಾಗಲೂ ತಮಿಳೇ. ಹೆದರಿದಾಗ ಮಾತ್ರ ಅವನ ಬಾಯಲ್ಲಿ ಅವ್ವನ ಮಾತು ಬರುತ್ತೆ."

ಮಡಕೆ ಕೊಳವೆ ಪಕ್ಕದಲ್ಲೇ ಇತ್ತು. ತಬ್ಕೊಂಡು ಅಂಗಳಕ್ಕೆ ತಂದೆ. ಮಣ್ಣು ಆಗಲೇ ಬೆಚ್ಚಗಾಗಿತ್ತು. ಬಟ್ಟೆ ಬಿಚ್ಚಿ ಮರಳೊಳಗೆ ಕೈ ಹಾಕಿದೆ. ಒಳಗೆ ಇನ್ನೂ ತಣ್ಣಗೆ! ಒಂದೊಂದನ್ನೇ ತೆಗೆದು ಬೆರಳಲ್ಲಿ ಒತ್ತಿದೆ. ಎಲ್ಲಾ ಚಪ್ಪಟೆ, ಒಂದೂ ಉಬ್ಬಿಲ್ಲ. ಒದ್ದೆ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಎದೆ ಮೇಲಿಂದ ಯಾರೋ ಏಲಕ್ಕಿ ಮೂಟೆ ಇಳಿಸಿದಂಗಾಯ್ತು.

ತಂಗಿ ಬಿಸಿ ಗಂಜಿ ಕೊಟ್ಲು. "ಬಟ್ಟೆಗೆ ಬೂಷ್ಟು ಬಂದ್ರೆ ಬಟ್ಟೆ ಬದಲಾಯಿಸ್ಬೇಕು, ಮಡಕೆ ಅಲ್ಲ," ಅಂತ ಗಂಡನಿಗೆ ಹೇಳಿ, ಅದನ್ನ ಮತ್ತೆ ತನ್ನ ಮಂಚದ ಕೆಳಗೇ ತಳ್ಳಿದ್ಲು. ಅವನು ಮಾತ್ರ ಭಟ್ಟಿ ಮುಂದೆ ಹೋಗಿ ಕೂತ. ಅವತ್ತಿನ ಕಾಯಿ ಏನಾಗುತ್ತೋ ಅಂತ ಅವನಿಗೆ ಚಿಂತೆ. ನಂಗೂ ಅದೇ ಚಿಂತೆ. ಅದಕ್ಕೇ ಊರಿಗೆ ಹೊರಡದೆ ಅಲ್ಲೇ ಉಳಿದೆ. ಕಾಯಿ ಪೂರ್ತಿ ಒಣಗಿದ ಮೇಲೆ ಜಾಲರಿ ತಟ್ಟೆ ಎಳೆದು ಒಂದು ಹಿಡಿ ತೆಗೆದ, ಬೆಳಕಿಗೆ ಹಿಡಿದು ನೋಡ್ದ. ಗಿಣಿ ಹಸಿರು. ಅವನ ಮುಖ ಅರಳಿದ ಮೇಲೇ ನಂಗೆ ಕಾಫಿ ರುಚಿ ಗೊತ್ತಾಗಿದ್ದು.

"ನಿಜ ಹೇಳಿ ಮಚ್ಚಾನ್, ಅದು ಹೊತ್ಕೊಳ್ತಿತ್ತಾ?" ಅಂದ.

"ಹೊತ್ಕೊಳ್ತಿತ್ತು," ಅಂದೆ ತಮಿಳಲ್ಲಿ. ಅವನು ಹೆಂಡತಿ ಮುಖ ನೋಡ್ದ.

"ನಮ್ಮ ಮಾತಲ್ಲಿ ಹೇಳಣ್ಣಾ," ಅಂದ್ಲು ಅವಳು.

ಈಗ ನನ್ನ ಕಷ್ಟ ಕೇಳಿ. ಫೋನ್ ಮಾಡಿ ತಮಿಳಲ್ಲಿ ಏನು ಹೇಳಿದ್ರೂ ಆ ಮನೇಲಿ ನಂಬಲ್ಲ, ಮಳೆ ಬಂತು ಅಂದ್ರೂ ನಂಬಲ್ಲ. ಸರಿ, ಇನ್ಮೇಲೆ ಸುಳ್ಳೆಲ್ಲಾ ಕನ್ನಡದಲ್ಲೇ ಹೇಳೋಣ ಅಂತ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡ್ದೆ. ಅರ್ಧಕ್ಕೇ ನಗು ಬಂದು ಕೆಡುತ್ತೆ. ಇಷ್ಟು ದೊಡ್ಡ ಕಲಾವಿದನಿಗೆ ಇಂಥ ಗತಿ! ಇದನ್ನ ನಂಬೋದು ಬಿಡೋದು ನಿಮಗೆ ಸೇರಿದ್ದು. ಆದರೆ ಯಾವ ಮಾತಲ್ಲಿ ಬರೆದಿದ್ದೀನಿ ಅಂತ ಒಂದು ಸಲ ನೋಡಿ.