ಸಾಸಿವೆಕಾಳು ಗಣಪನ ಮುಂದೆ ಆರು ಸಲ

ಹಂಪಿಯ ಸಾಸಿವೆಕಾಳು ಗಣಪನ ಹೆಸರೆತ್ತಿದರೆ ಬೇರೆಯವರು ಕೈ ಮುಗಿಯುತ್ತಾರೆ. ನನಗೆ ಸೊಂಟ ನೋಯುತ್ತದೆ. ಅವನ ಮುಂದಿನ ಕಲ್ಲುಹಾಸಿನ ಮೇಲೆ ಆರು ಸಲ, ಆರು ಗಂಡಿನ ಮನೆಯವರ ಎದುರು, ಅಲುಗಾಡದೆ ಕೂತವಳು ನಾನು.

ಹೊಸಪೇಟೆಯಲ್ಲಿ ಅಪ್ಪನದು ಬಟ್ಟೆ ಅಂಗಡಿ. ಗಂಡಿನವರು ಮನೆಗೇ ಬಂದು ಹೆಣ್ಣು ನೋಡಿ ಒಲ್ಲೆ ಅಂದರೆ ಬೀದಿಗೆಲ್ಲ ಗೊತ್ತಾಗುತ್ತದಲ್ಲ, ಅದಕ್ಕೆ ನಮ್ಮ ಕಡೆಯವರು ಒಂದು ದಾರಿ ಕಂಡುಕೊಂಡಿದ್ದರು. ಅವರೂ ಹಂಪಿ ನೋಡಲು ಬರುವುದು, ನಾವೂ ಬರುವುದು, ಅಕಸ್ಮಾತ್ ಎಂಬಂತೆ ಭೇಟಿಯಾಗುವುದು. ಒಪ್ಪಿಗೆಯಾದರೆ ಆಮೇಲೆ ಮನೆಗೆ ಬಂದು ಶಾಸ್ತ್ರಕ್ಕೆ ನೋಡುವುದು. ಆಗದಿದ್ದರೆ ಎರಡೂ ಕಡೆಯವರು ಕಲ್ಲು ನೋಡಿ ಬಂದಂತಾಯಿತು. ವಿರೂಪಾಕ್ಷನ ಗುಡಿಗೆ ಹೋದರೆ ನಮ್ಮ ಊರವರೇ ನಾಲ್ಕು ಜನ ಸಿಗುತ್ತಾರೆ. ಈ ಗಣಪನಿಗೆ ಪೂಜೆ ನಿಂತು ಯಾವ ಕಾಲವಾಯಿತೋ, ಪೂಜಾರಿಯಿಲ್ಲ, ಭಕ್ತರಿಲ್ಲ. ಒಂದೇ ಬಂಡೆಯಲ್ಲಿ ಕಡೆದ, ಆಳೆತ್ತರ ಮೀರಿದ ಮೈ, ಹೊಟ್ಟೆಗೆ ಬಿಗಿದ ಹಾವು, ಸುತ್ತ ಕಂಬಗಳು. ಇಷ್ಟು ದೊಡ್ಡವನಿಗೆ ಸಾಸಿವೆಕಾಳು ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ!

ನನ್ನ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ಆರು ವರ್ಷದವಳಿದ್ದಾಗ ಅಟ್ಟದಿಂದ ಬಿದ್ದದ್ದು. ನಡೆದರೆ ಕುಂಟು, ಕೂತರೆ ಏನೂ ಇಲ್ಲ. ಹಾಗಾಗಿ ಅವ್ವ ನನ್ನನ್ನು ಕೂರಿಸುತ್ತಿದ್ದಳು. ಬೆಳಗಿನ ಜಾವ ಬಂಡಿ ಕಟ್ಟಿಸಿ, ಗಂಡಿನವರಿಗಿಂತ ಮೊದಲೇ ಹೋಗಿ, ಗಣಪನ ಮುಂದೆ ಜಮಖಾನ ಹಾಸಿ, ಸೀರೆಯ ನೆರಿಗೆ ನನ್ನ ಪಾದ ಮುಚ್ಚುವಂತೆ ಹರಡಿ, ತಾನು ನನ್ನ ಬೆನ್ನಿಗೆ ಅಂಟಿಕೊಂಡು ಕೂರುವಳು. ಮರೆತು ಎದ್ದೇನೆಂದು ನನ್ನ ಸೆರಗಿನ ತುದಿ ಅವಳ ಮುಷ್ಟಿಯಲ್ಲೇ ಇರುತ್ತಿತ್ತು.

"ಅವರು ಹೋಗೋತನಕ ಏಳಬ್ಯಾಡ ನೋಡು. ಏನ ಆಗ್ಲಿ, ಏಳಬ್ಯಾಡ."

"ಮದುವ್ಯಾದ ಮ್ಯಾಲೂ ಕುಂತ ಇರ್ಬೇಕೇನು?" ಎಂದು ಕೇಳಿದರೆ ತೊಡೆ ಚಿವುಟುತ್ತಿದ್ದಳು.

ಸಂಡೂರು ಸಂಸ್ಥಾನದ ಗುಮಾಸ್ತ ಬಂದ, ಮರಿಯಮ್ಮನಹಳ್ಳಿಯ ಜಮೀನುದಾರರು ಬಂದರು, ಇನ್ನೂ ಮೂವರು ಬಂದರು. ಎಲ್ಲರಿಗೂ ನಾನು ಒಪ್ಪಿಗೆ. ಆಮೇಲೆ ಹೊಸಪೇಟೆಯಲ್ಲಿ ಯಾರನ್ನೋ ವಿಚಾರಿಸುವರು, ಯಾರೋ ಹೇಳುವರು, ಮಾತು ಅಲ್ಲಿಗೆ ಮುಗಿಯಿತು. ಅಪ್ಪ ಎರಡು ದಿನ ಅಂಗಡಿ ಬಿಟ್ಟು ಬರುತ್ತಿರಲಿಲ್ಲ. ನನಗಂತೂ ಸಾಕುಸಾಕಾಗಿತ್ತು. ಅವರು ನಿರಾಕರಿಸುವುದಕ್ಕಿಂತ ಒಪ್ಪಿಕೊಂಡು ಹೋಗುವ ಆ ನಗುಮುಖಗಳನ್ನು ಕಂಡರೇ ನನಗೆ ಹೆಚ್ಚು ಆಯಾಸ.

ಆರನೆಯವರು ಕಂಪ್ಲಿಯವರು. ಅಕ್ಕಿ ಗಿರಣಿ ಇದ್ದ ಮನೆತನ. ಅಪ್ಪ ಹಂಪಿ ಬಜಾರಿನ ತನಕ ಇಳಿದು ಹೋಗಿ ಅವರನ್ನು ಕರೆತಂದ. ಹುಡುಗ ಮಾತು ಕಡಿಮೆ. ಅವನ ತಾಯಿ ಮಾತ್ರ ನಗುನಗುತ್ತಾ ಮಾತಾಡುವ ಹೆಂಗಸು. ನನ್ನ ಗಲ್ಲ ಹಿಡಿದು ನೋಡಿ, "ಭಾಳ ಚಲೋ ಅದಾಳ. ನಮಗ ಯಾರ್ನೂ ಕೇಳೋದು ಬ್ಯಾಡರಿ. ನಾಡಿದ್ದ ಮನೀಗೆ ಬರ್ತೀವಿ, ಮಾತು ಮುಗಿಸೇಬಿಡೂಣು" ಅಂದರು. ಅವ್ವ ನನ್ನ ಸೆರಗನ್ನು ಮುಷ್ಟಿಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಈ ಸಲ ಅವಳು ಗೆದ್ದಿದ್ದಳು.

ಹೊರಡುವ ಮುಂಚೆ ಆ ತಾಯಿ ಗಣಪನನ್ನು ತಲೆಯೆತ್ತಿ ನೋಡಿದರು. "ಇವ್ನ ಬೆನ್ನ ಹಿಂದ ತಾಯಿ ಅದಾಳಂತಲ್ಲ, ತೊಡಿ ಮ್ಯಾಲ ಕುಂದ್ರಿಸಿಕೊಂಡಾಳಂತ. ಖರೇನ? ಬಾರವ್ವ ತಂಗಿ, ತೋರ್ಸು ಬಾ."

ಅದು ನಿಜ. ಮುಂದಿನಿಂದ ನೋಡಿದರೆ ಗಣಪ. ಹಿಂದೆ ಹೋದರೆ ಬರೀ ಒಬ್ಬ ಹೆಂಗಸಿನ ಬೆನ್ನು. ನಾನು ಅಟ್ಟದಿಂದ ಬೀಳುವುದಕ್ಕೆ ಒಂದು ವರ್ಷ ಮೊದಲು ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ತೋರಿಸಿದ್ದ. ಅವ್ವ ಆಗ ತಮ್ಮನ ಬಾಣಂತನದಲ್ಲಿದ್ದಳು.

"ಆಕಿ ಕಾಲು ಜೋಮು ಹಿಡಿದೈತ್ರಿ," ಅಂದಳು ಅವ್ವ ತಟ್ಟನೆ. "ಕುಂತು ಕುಂತು ಜೋಮು ಹಿಡಿದೈತಿ. ನೀವು ನೋಡ್ಕೊಂಡು ಬರ್ರಿ."

ಆ ಹೆಂಗಸು ಒಳ್ಳೆಯವರು. ಅದೇ ನನಗೆ ತಡೆಯಲಾಗಲಿಲ್ಲ. ಮದುವೆಯಾದ ದಿನ ಇವರ ಮನೆಯ ಹೊಸ್ತಿಲು ದಾಟಿ ನಾನು ನಡೆಯಲೇಬೇಕು, ಆಗ ಈ ನಗು ಏನಾಗುತ್ತದೆ ಎನಿಸಿತು. ಸೆರಗು ಕಿತ್ತುಕೊಂಡು ಎದ್ದೆ. "ಬರ್ರಿ, ತೋರಿಸ್ತೀನಿ" ಎಂದು, ಹೇಗೆ ನಡೆಯುತ್ತೇನೋ ಹಾಗೆಯೇ, ಒಂದು ಕಡೆಗೆ ವಾಲುತ್ತ, ಆ ಕಂಬಗಳ ನಡುವೆ ನಡೆದೆ.

ಹಿಂದೆ ಯಾರೂ ಬರಲಿಲ್ಲ. ತಿರುಗಿ ನೋಡಿದರೆ ಆ ತಾಯಿ ನಿಂತಲ್ಲೇ ನಿಂತಿದ್ದರು. ಬೈಯಲಿಲ್ಲ. ಅವ್ವನನ್ನು ಮೆಲ್ಲಗೆ ಕೇಳಿದರು: "ಮೊದ್ಲ ಹೇಳಾಕ ಏನಾಗಿತ್ರಿ ನಿಮಗ?"

"ಹೇಳಿದ್ರ ನೀವು ಬರ್ತಿದ್ದಿಲ್ಲಲ್ರಿ," ಅಂದಳು ಅವ್ವ.

ಆ ತಾಯಿ ಮಗನನ್ನು ಕರೆದರು. ಅವರು ಹೋದರು. ಅಪ್ಪ ಬಂಡಿಯವರೆಗೆ ಕಳಿಸಲು ತಲೆ ತಗ್ಗಿಸಿಕೊಂಡು ಹೋದ. ಆ ಸಂಬಂಧ ಅಲ್ಲಿಗೆ ಮುಗಿಯಿತು. ಆಮೇಲೆ ಬೇರೆ ಯಾರೂ ಬರಲಿಲ್ಲ, ಬಂದಿದ್ದರೂ ನಾನು ಆ ಜಮಖಾನದ ಮೇಲೆ ಕೂರುತ್ತಿರಲಿಲ್ಲ.

ನಾನು ಬೈಗುಳಕ್ಕೆ ಕಾದೆ. ಅವ್ವ ಜಮಖಾನ ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಬಿಸಿಲು ಕಂಬಗಳ ಒಳಗೆ ಬಂದಿತ್ತು. ಜಮಖಾನ ಕಂಕುಳಲ್ಲಿ ಇಟ್ಟುಕೊಂಡು ಕೇಳಿದಳು:

"ಹಿಂದ ಖರೇನ ತಾಯಿ ಅದಾಳೇನ?"

ಆರು ಸಲ ಬಂದಿದ್ದಳು, ಆರೂ ಸಲ ಗಂಟೆಗಟ್ಟಲೆ ಅಲ್ಲೇ ಕೂತಿದ್ದಳು. ನನ್ನ ಸೆರಗು ಬಿಟ್ಟು ಹತ್ತು ಹೆಜ್ಜೆ ಆಚೆ ಹೋಗಿ ನೋಡಿರಲಿಲ್ಲ.

"ಬಾ," ಅಂದೆ. ಅವಳ ಕೈ ಹಿಡಿದು, ಕುಂಟುತ್ತಲೇ ಕರೆದುಕೊಂಡು ಹೋದೆ. ಅವ್ವ ಆ ಕಲ್ಲಿನ ಬೆನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮಗನ ಅಷ್ಟೂ ಭಾರ ಹೊತ್ತು, ಮುಖವೇ ಕಾಣದಂತೆ ಕೂತಿದ್ದ ಹೆಂಗಸು. ಅಂಗೈಯಿಂದ ಅವಳ ಸೊಂಟದ ಹತ್ತಿರ ಒಂದೆರಡು ಸಲ ಉಜ್ಜಿದಳು.

"ಅಯ್ಯ ನಮ್ಮವ್ವ," ಅಂದಳು, "ಈಕಿ ಕಾಲು ಎಷ್ಟು ಜೋಮು ಹಿಡಿದಿರ್ಬೇಕ."